ನನ್ನ ಬೆನ್ನು ಕೇಳಿದ್ದು

ನೋವು ಹೊಟ್ಟೆಯಲ್ಲಿ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಬೆನ್ನಲ್ಲಿ ಬಂತು.

ವಲಾಂಡಿಯ ತವರಿನಲ್ಲಿ ಬೆಳಗ್ಗೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಸೊಂಟದ ಎಲುಬನ್ನು ಯಾರೋ ಒಳಗಿನಿಂದ ಒತ್ತಿದಂತಾಯಿತು. ಹಿಟ್ಟಿನ ಕೈಯನ್ನೇ ನೆಲಕ್ಕೂರಿ ಮಂಡಿಯ ಮೇಲೆ ಬಾಗಿದೆ. ಅಷ್ಟಕ್ಕೇ ಹಗುರಾಯಿತು. ಯಾರೂ ಕಲಿಸಿದ್ದಲ್ಲ, ಮೈ ತಾನೇ ಬಾಗಿತು.

ಸೂಲಗಿತ್ತಿ ಹುಸೇನಬಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. "ಕೂಸಿನ ಬೆನ್ನು ನಿನ್ನ ಬೆನ್ನಿಗಿ ಹತ್ಯದ. ಹಿಂಗೇ ಮಣಕಾಲ ಮ್ಯಾಲ ಇರು ಬೇಟಿ, ತಾನೇ ತಿರಗತದ" ಎಂದಳು.

ಅವ್ವ ನೋಡಿದ್ದು ನನ್ನ ಬೆನ್ನನ್ನಲ್ಲ, ಕೊರಳನ್ನು. ನಾನು ಬಾಗಿದ್ದರಿಂದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಶಿವದಾರದಲ್ಲಿ ಜೋತು ನೆಲಕ್ಕೆ ತಾಗುತ್ತಿತ್ತು.

"ಲಿಂಗ ನೆಲಕ್ಕ ಹತ್ತಬಾರದು. ಏಳು."

ತೆಗೆದಿಡುವ ಮಾತೇ ಇಲ್ಲ. ಲಿಂಗ ಮೈಯಿಂದ ಇಳಿದರೆ ಬದುಕಿದ್ದೂ ಸತ್ತಂತೆ ಎಂದೇ ನಮ್ಮನ್ನು ಬೆಳೆಸಿದ್ದು. ಅವ್ವ ಜಂತಿಯಿಂದ ಹಗ್ಗ ಇಳಿಬಿಟ್ಟಳು. "ನಾ ಆರು ಹಡದೀನಿ. ಆರೂ ತುದಿಗಾಲ ಮ್ಯಾಲ ಕುಂತೇ ಹಡದೀನಿ. ಹಗ್ಗ ಹಿಡಿ."

"ಅದು ನಿಮ್ಮ ದೇವರ ಮಾತು ಅಕ್ಕಾವ್ರ, ನಾ ಏನ ಹೇಳಲಿ" ಎಂದು ಹುಸೇನಬಿ ಹಿಂದೆ ಸರಿದಳು. ನಾನು ಜಗಳಗಂಟಿ, ಉದಗೀರಿನಲ್ಲಿ ಗಂಡನ ಮನೆಯ ಓಣಿಗೆಲ್ಲ ಗೊತ್ತು. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ಹಗ್ಗ ಹಿಡಿದೆ. ನನಗೂ ಹೆದರಿಕೆ ಇತ್ತು.

ಬಿಸಿಲು ಅಂಗಳ ದಾಟಿತು. ಕಾಲು ಜೋಮು ಹಿಡಿದವು. ಕೂಸು ಇಳಿಯಲಿಲ್ಲ. ಉದಗೀರಿನ ದವಾಖಾನೆಗೆ ಗಾಡಿ ಹೂಡುವ ಮಾತು ಬಂತು. ಅಲ್ಲಿರುವ ಡಾಕ್ಟರ್ ಗಂಡಸು ಎಂದು ಆ ಮಾತೂ ಬಿದ್ದುಹೋಯಿತು. ಪ್ರತಿ ನೋವಿಗೂ ಮೈ ಮುಂದಕ್ಕೆ ಬಾಗುತ್ತಿತ್ತು, ಅವ್ವ ಹೆಗಲು ಹಿಡಿದು ಎತ್ತುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಕೈಯಿಂದ ಹಗ್ಗ ಜಾರಿ, ಮುಂದಕ್ಕೆ ಅಂಗೈ ಮೇಲೆ ಬಿದ್ದೆ. ಅವ್ವ ಎತ್ತಲು ಬಂದಾಗ ಹುಸೇನಬಿ "ಈಗ ಬಿಡ್ರಿ" ಎಂದು ಗದರಿದಳು. ನಾಲ್ಕೈದು ನೋವಿಗೆ ಕೂಸು ಹೊರಬಂತು.

ಗಂಡುಕೂಸು. ಅಳಲಿಲ್ಲ.

ಹುಸೇನಬಿ ಬಾಯಿಯಿಂದ ಉಸಿರೂದಿದಳು, ಬೆನ್ನು ತಿಕ್ಕಿದಳು. ಮೈ ಇನ್ನೂ ಬೆಚ್ಚಗಿತ್ತು. ಮರುದಿನ ಅಪ್ಪ ನಮ್ಮ ಪದ್ಧತಿಯಂತೆ ಅದನ್ನು ಕೂರಿಸಿ, ಹೊಲದಲ್ಲಿ ಮಣ್ಣು ಮಾಡಿ ಬಂದ. ಹಡೆಯುವಾಗ ನಾನು ಹೇಗಿರಬೇಕು ಎಂಬುದಕ್ಕೆ ಅಷ್ಟು ಮಾತಾಯಿತು. ಮಣ್ಣಿನಲ್ಲಿ ಅದು ಹೇಗಿರಬೇಕು ಎಂದು ಯಾರೂ ಕೇಳಬೇಕಾಗಲಿಲ್ಲ.

ಮೂರನೆಯ ದಿನ ಅಪ್ಪ ಬಾಗಿಲ ಹೊರಗೆ ಕೂತು, ಏನಾಯಿತು ಎಂದು ಕೇಳಿದ. ಬಾಣಂತಿಕೋಣೆಯ ಮಾತನ್ನು ಗಂಡಸರಿಗೆ ಹೇಳುವ ರೂಢಿಯಿಲ್ಲ. ನಾನು ಹೇಳಿಬಿಟ್ಟೆ. ಅಪ್ಪ ತನ್ನ ರಟ್ಟೆ ಮುಟ್ಟಿಕೊಂಡ.

"ಹೂಳ ತೆಗಿಲಾಕ ಬಾವ್ಯಾಗ ಇಳಿವಾಗ ನಾ ಲಿಂಗ ರಟ್ಟಿಗಿ ಕಟ್ಕೋತೀನಲ್ಲವ್ವಾ" ಎಂದ. "ನೀನೇ ಎಷ್ಟ ಸಲ ಗಂಟ ಹಾಕೀದಿ."

ಹೌದು. ಪ್ರತಿ ಬೇಸಿಗೆ ನಾನೇ ಗಂಟು ಹಾಕಿದ್ದೆ.

ರಟ್ಟೆಗೆ ಕಟ್ಟುವುದು ಗಂಡಸರ ಬಾವಿ ಕೆಲಸಕ್ಕೆ ಮಾತ್ರ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು, ನನಗೂ, ಅವ್ವನಿಗೂ. ಬೆಳಗಿನಿಂದ ಮಂಡಿಯ ಮೇಲೇ ಇದ್ದಿದ್ದರೂ ಕೂಸು ಉಳಿಯುತ್ತಿತ್ತೋ ಇಲ್ಲವೋ ಅಲ್ಲಾನಿಗೇ ಗೊತ್ತು ಎನ್ನುತ್ತಾಳೆ ಹುಸೇನಬಿ. ಒಳ್ಳೆಯ ಹೆಂಗಸು. ಆ ಮಾತಿನಿಂದ ನನಗೆ ಸಮಾಧಾನವಿಲ್ಲ. ಎದೆಗೆ ಹಾಲು ಬಂದು ಸೆರಗು ತೋಯ್ದಾಗ ನಾನು ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ.

ಈಗ ತಿಂಗಳಾಯಿತು. ಅವ್ವನ ಮೇಲೆ ಸಿಟ್ಟಿದೆ, ಇಲ್ಲವೆನ್ನಲಾರೆ. ಅವಳು ರೊಟ್ಟಿ ಮುರಿದು ಮುಂದಿಟ್ಟುಕೊಳ್ಳುತ್ತಾಳೆ, ತಿನ್ನುವುದಿಲ್ಲ. ಇವತ್ತು ಮಧ್ಯಾಹ್ನ ಒಂದು ನೂಲಿನ ಎಳೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ರಟ್ಟಿ ಚಾಚು."

"ಯಾಕ?"

"ಲಿಂಗಕ್ಕ ಪಟ್ಟಿ ಹೊಲೀತೀನಿ, ಅಳತಿ ಬೇಕು." ಆಮೇಲೆ ಮೆಲ್ಲಗೆ, "ಮುಂದಿನ ಸಲಕ್ಕ" ಎಂದಳು.

ಬೈಯಬೇಕೆನಿಸಿತು. ಅವಳ ಕೈಯಿಂದ ನೂಲು ಎರಡು ಸಲ ಜಾರಿತು. ನಾನು ರಟ್ಟೆ ಚಾಚಿದೆ. ನೂಲಿನ ಒಂದು ತುದಿ ನಾನೇ ಹಿಡಿದುಕೊಂಡೆ.