ಮಂದೆ ಬಿಟ್ಟು ಕದಲದ ನಾಯಿ

ನಮ್ಮ ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು ಒಂದು ಟ್ರಂಕು ಮತ್ತು ಒಂದು ಹೆಣ್ಣು ನಾಯಿಮರಿ. ಟ್ರಂಕು ತುಕ್ಕು ಹಿಡಿದು ಎಂದೋ ಗುಜರಿಗೆ ಹೋಯಿತು. ನಾಯಿಯ ಸಂತಾನ ಮಾತ್ರ ಚೌಳಹಿರಿಯೂರು ಕಡೆಯ ನಮ್ಮ ಮನೆಯಲ್ಲಿ ಉಳಿಯಿತು, ಅಜ್ಜಂಪುರದವರೆಗೂ ಕುರಿ ಸಾಕುವವರ ಮನೆಗಳಿಗೆ ಹರಡಿತು. ಅವ್ವ ಯಾವ ನಾಯಿಗೂ ಹೆಸರಿಡಲಿಲ್ಲ, ಎಲ್ಲವನ್ನೂ ‘ಮಗಾ’ ಎಂದೇ ಕರೆಯುತ್ತಿದ್ದಳು. ನಮ್ಮನ್ನೂ ಹಾಗೇ ಕರೆಯುತ್ತಿದ್ದುದರಿಂದ ಅವಳು ಒಮ್ಮೆ ಕೂಗಿದರೆ ಅಣ್ಣ, ನಾನು, ನಾಯಿ ಮೂವರೂ ಓಡಿ ಬರುತ್ತಿದ್ದೆವು. ತಿನ್ನಲು ಮೊದಲು ಸಿಗುತ್ತಿದ್ದುದು ನಾಯಿಗೆ.

ಈ ನಾಯಿಗಳ ಮರಿಯನ್ನು ನಾವು ಯಾರಿಗೂ ಮಾರಿದವರಲ್ಲ. ಮರಿ ಬೇಕಾದವರು ಮುಂಚೆಯೇ ಒಂದು ಅಚ್ಚು ಬೆಲ್ಲ ತಂದು ತಾಯಿನಾಯಿಯ ಮುಂದೆ ಇಡಬೇಕು. ಮನೆಯವರು ಅದರಿಂದ ಚೂರು ಮುರಿದು ನಾಯಿಗೆ ತಿನ್ನಿಸಿದರೆ ಮಾತು ಕೊಟ್ಟಂತೆ. ಬೆಲ್ಲ ಹಿಂದಿರುಗಿಸಿದರೆ ಇಲ್ಲ ಎಂದಂತೆ. ಅವ್ವ ಬದುಕಿರುವವರೆಗೆ ಯಾರ ಬೆಲ್ಲವೂ ಹಿಂದಕ್ಕೆ ಹೋದದ್ದನ್ನು ನಾನು ನೋಡಿಲ್ಲ.

ಯಾವ ಮರಿಯನ್ನು ಕೊಡಬೇಕು, ಯಾವುದನ್ನು ಸಂತಾನಕ್ಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ಅವಳದೇ ಒಂದು ಪರೀಕ್ಷೆ ಇತ್ತು. ಮುಚ್ಚಂಜೆಯಲ್ಲಿ ಕುರಿಗಳನ್ನು ರೊಪ್ಪಕ್ಕೆ ಕೂಡಿ, ಬಾಗಿಲಿಗೆ ತಡಿಕೆ ಎಳೆದು, ಮರಿಗಳನ್ನು ಹೊರಗೆ ಬಿಡುತ್ತಿದ್ದಳು. ಇಲಿ, ಓತಿಕ್ಯಾತ ಎಂದು ಹಿತ್ತಲೆಲ್ಲ ಸುತ್ತುವ ಮರಿ ಬೇರೆಯವರಿಗೆ. ತಡಿಕೆಗೆ ಮೈ ಒತ್ತಿಕೊಂಡು ಅಲ್ಲೇ ಕೂರುವ ಮರಿ ನಮಗೆ. “ಕತ್ತಲಾದ ಮೇಲೆ ಮಂದೆ ಬಿಟ್ಟು ಕದಲಬಾರದು ಕಣ್ಮಗಾ. ನಮ್ ನಾಯಿ ಅಂದ್ರೆ ಅದು” ಎನ್ನುತ್ತಿದ್ದಳು. ಎಲ್ಲರೂ ಬೆಲ್ಲ ಹಿಡಿದು ಬರುತ್ತಿದ್ದುದು ಈ ಗುಣಕ್ಕೇ.

ಅವ್ವ ಹೋದ ಮೇಲೆ ಮನೆಯಲ್ಲಿ ಅವಳ ನಾಯಿ ಎಂದು ಉಳಿದದ್ದು ಕೆಂದು ಬಣ್ಣದ ಒಂದೇ ಹೆಣ್ಣು. ಅದರ ತಾಯಿ ಅದಾಗಲೇ ಕೃಷಿ ಹೊಂಡಕ್ಕೆ ಬಿದ್ದು ಸತ್ತಿತ್ತು. ಕೊನೆಯ ದಿನಗಳಲ್ಲಿ ಅವ್ವ ಆಸ್ತಿ, ಮನೆ ಯಾವುದರ ಮಾತನ್ನೂ ಆಡಲಿಲ್ಲ. ಅಣ್ಣನ ಕೈ ಹಿಡಿದು, “ಇದರ ಸಂತಾನ ನಿಲ್ಲಿಸ್ಬೇಡ” ಎಂದಳು. ಅಣ್ಣ ಕಲ್ಲಿನಂಥ ಮನುಷ್ಯ. ಆವತ್ತು ಅವನು ಗೋಡೆಯ ಕಡೆ ತಿರುಗಿ ನಿಂತದ್ದು ನನಗೆ ನೆನಪಿದೆ.

ತಿಥಿಯಾದ ಮೇಲೆ ಬೆಲ್ಲ ಬರತೊಡಗಿತು. ಅಣ್ಣ ನಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ, ಹೋರಿ ಕೊಳ್ಳುವಾಗ ನೋಡುವ ಹಾಗೆ ಸುಳಿ ನೋಡಿದ, ಹಲ್ಲು ನೋಡಿದ, ಬಾಲದ ಬುಡ ಹಿಡಿದು ನೋಡಿದ, ಓಡಿಸಿ ನಡಿಗೆ ನೋಡಿದ. ಊರಿನ ಹಿರಿಯರೂ ಬಂದು ತಲೆಯಾಡಿಸಿದರು. ನಾನು ತರೀಕೆರೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಭಾನುವಾರ ಬಂದಾಗ, “ನಂಗೂ ಒಂದು ಮರಿ ಬೇಕು, ತಂಗಿ ಅಂತ ಬೆಲ್ಲ ಕೇಳ್ಬೇಡ” ಎಂದು ಜಗಳ ತೆಗೆದೆ. “ಎಲ್ಲರಿಗೂ ಒಂದೇ ಕಾನೂನು ಕಣೇ, ತತ್ತಾ” ಎಂದು ನಕ್ಕ. ಅವ್ವ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಗಂಡು ಕೂಡಿಸುವ ಮೊದಲು ಚುಚ್ಚುಮದ್ದು ಹಾಕಿಸೋಣವೆಂದು ಕಡೂರಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕರೆಂಟು ಹೋಗಿತ್ತು. ಹೊರಗಿನ ಸುಡುಬಿಸಿಲಿನಿಂದ ಮಬ್ಬು ಕೋಣೆಯೊಳಗೆ ಕಾಲಿಟ್ಟ ನಾಯಿ ನೇರವಾಗಿ ಮೇಜಿನ ಕಾಲಿಗೆ ಡಿಕ್ಕಿ ಹೊಡೆಯಿತು. ನಾಯಿಗಳ ಡಾಕ್ಟ್ರಮ್ಮ ಸೂಜಿ ಕೆಳಗಿಟ್ಟರು. ಕಿಟಕಿ ಮುಚ್ಚಿಸಿ ಹತ್ತಿಯ ಉಂಡೆಯೊಂದನ್ನು ಅದರ ಮುಂದೆ ಉರುಳಿಸಿದರು. ನಾಯಿ ಅಲ್ಲಾಡಲಿಲ್ಲ. ಕಿಟಕಿ ತೆರೆಸಿ ಮತ್ತೆ ಉರುಳಿಸಿದಾಗ ಹಾರಿ ಹಿಡಿಯಿತು.

“ಕತ್ತಲಲ್ಲಿ ಓಡಾಡುತ್ತಾ ಇದು?” ಎಂದು ಕೇಳಿದರು.

“ಇಲ್ಲ ಮೇಡಂ! ರಾತ್ರಿ ಮಂದೆ ಬಿಟ್ಟು ಕದಲಂಗೇ ಇಲ್ಲ. ಅದಕ್ಕೇ ಹೆಸರಾಗಿರೋದು ನಮ್ ನಾಯಿ” ಎಂದ ಅಣ್ಣ ಎದೆಯುಬ್ಬಿಸಿ.

ಡಾಕ್ಟ್ರಮ್ಮ ಕಿಟಕಿಯ ಬೆಳಕಿಗೆ ನಾಯಿಯ ಮುಖ ಹಿಡಿದು ಕಣ್ಣು ಬಿಡಿಸಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: ಬೆಳಕು ಕಡಿಮೆಯಾದರೆ ಇದಕ್ಕೆ ಕಣ್ಣು ಕಾಣುತ್ತಿಲ್ಲ. ಹುಟ್ಟಿನಿಂದಲೇ ಬಂದದ್ದಿರಬಹುದು, ರಕ್ತದಲ್ಲಿ ಇಳಿದು ಬರುವಂಥದ್ದು. ಹಾಗಿದ್ದರೆ ಇದರಿಂದ ಮರಿ ಮಾಡಿಸುವುದು ತಪ್ಪು. “ಆದ್ರೆ ಒಂದನ್ನೇ ನೋಡಿ ತೀರ್ಮಾನ ಮಾಡೋದು ಬೇಡ. ಒಡಹುಟ್ಟಿದ್ದು ಯಾವುದಾದ್ರೂ ಇದ್ರೆ, ಹೊತ್ತು ಮುಳುಗೋ ಟೈಮಲ್ಲಿ ನೋಡ್ಕೊಂಡು ಬನ್ನಿ. ತಾಯಿ ಇದೆಯಾ?”

“ಹೊಂಡಕ್ಕೆ ಬಿತ್ತು” ಎಂದ ಅಣ್ಣ. “ಸಂಜೆ ನಾನು ಈ ದಡದಲ್ಲಿ ನಿಂತು ಕರೆದೆ. ಅದು ಆ ಕಡೆಯಿಂದ ಸೀದಾ...” ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ, ಬಿದ್ದ ಪ್ರಾಣಿ ಮೇಲೆ ಬರುವುದಿಲ್ಲ. ಯಾವುದನ್ನೋ ಅಟ್ಟಿಸಿಕೊಂಡು ಬಂದು ಬಿತ್ತು ಎಂದೇ ನಾವು ಅಷ್ಟು ದಿನ ಹೇಳಿಕೊಂಡಿದ್ದೆವು. ಅದು ಅವನ ದನಿಯ ಕಡೆಗೆ ನಡೆದು ಬಂದಿತ್ತು, ಅಷ್ಟೇ.

ನನಗೆ ಆ ಡಾಕ್ಟ್ರಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ದಾರಿಯುದ್ದಕ್ಕೂ ಬೈದೆ. ಕುರಿ ಕಾಯುವ ನಾಯಿಗೆ ಮೂಗಿದೆ, ಕಿವಿಯಿದೆ, ಅದೇನು ರಾತ್ರಿ ಪೇಪರ್ ಓದಬೇಕೇ ಎಂದೆ.

ಅದರ ಜೊತೆ ಹುಟ್ಟಿದ ಗಂಡು ಬುಕ್ಕಾಂಬುಧಿಯಲ್ಲಿ, ನಮ್ಮ ಸೋದರತ್ತೆಯ ಮಗನಾದ ಭಾವನ ಮನೆಯಲ್ಲಿತ್ತು. ಅದೂ ತಡಿಕೆ ಬಿಟ್ಟು ಕದಲದ ಮರಿಯೇ, ನೆಂಟಸ್ತಿಕೆಗೆಂದು ಅವ್ವ ಕೊಟ್ಟಿದ್ದಳು. ಆವತ್ತೇ ಮಧ್ಯಾಹ್ನ ಬೈಕಿನಲ್ಲಿ ಹೋದೆವು. ಕೆರೆ ಏರಿಯ ಕೆಳಗೆ ಆ ನಾಯಿ ಕುರಿ ತಿರುಗಿಸುತ್ತಿದ್ದುದನ್ನು ನೋಡಿದರೆ ಕಣ್ಣು ತಂಪಾಗಬೇಕು. ಒಂದು ಕುರಿ ಬೆಳೆಯ ಕಡೆ ಮೂತಿ ತಿರುಗಿಸಿದರೆ ಸಾಕು, ಇದು ಅಲ್ಲಿ ಹಾಜರು. “ನೋಡ್ದಾ?” ಎಂದು ನಾನು ಅಣ್ಣನನ್ನು ತಿವಿದೆ. ಅವನ ಮುಖವೂ ಸ್ವಲ್ಪ ಸಡಿಲವಾಯಿತು. ಕಾಫಿ ಕುಡಿದೆವು. ಇನ್ನು ಮನೆಗೆ ಹೋಗಿಬಿಡೋಣ ಎಂದೆ. “ಹೊತ್ತು ಮುಳುಗ್ಲಿ” ಎಂದ.

ಮುಳುಗಿತು. ಕುರಿ ರೊಪ್ಪ ಸೇರಿದವು, ನಾಯಿ ತಡಿಕೆಗೆ ಮೈ ಒತ್ತಿಕೊಂಡು ಕೂತಿತು. ಅಣ್ಣ ಒಂದು ಮಂಕರಿ ಬುಟ್ಟಿಯನ್ನು ಅಂಗಳದ ನಡುವೆ ಬೋರಲು ಹಾಕಿ, ಈಚೆ ನಿಂತು, ಮುದ್ದೆ ಹಿಡಿದು, “ಬಾ ಮಗಾ” ಎಂದು ಕರೆದ. ಥೇಟು ಅವ್ವನ ರಾಗ. ನಾಯಿ ಎದ್ದಿತು. ಮೂಗನ್ನು ನೆಲಕ್ಕೆ ತಾಗಿಸಿ, ಮುಂಗಾಲು ಎತ್ತೆತ್ತಿ ಇಡುತ್ತ ಬಂದು ಮಂಕರಿಗೆ ಮುಖ ಹೊಡೆದುಕೊಂಡಿತು. ಅಣ್ಣ ಮಂಕರಿಯನ್ನು ಬೇರೆ ಕಡೆ ಇಟ್ಟು ಮತ್ತೆ ಕರೆದ. ಮತ್ತೆ ಹೊಡೆದುಕೊಂಡಿತು. ನನಗೆ ಸಾಕಾಗಿತ್ತು, ಕೈ ಮುಗಿಯುತ್ತೇನೆ ನಿಲ್ಲಿಸು ಎಂದೆ.

“ಭಾವ, ಇದನ್ನ ಯಾವ ಹೆಣ್ಣಿಗೂ ಕೂಡಿಸ್ಬೇಡ. ಕತ್ತಲಾದ್ರೆ ಕಣ್ ಕಾಣಲ್ಲ ಇದಕ್ಕೆ” ಎಂದ ಅಣ್ಣ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಹೊಟ್ಟೆ ತುಂಬೈತೆ ಕಣೋ, ನಿನ್ ಮುದ್ದೆ ಯಾರಿಗ್ ಬೇಕು ಅಂತ ಅಸಡ್ಡೆ ಅದಕ್ಕೆ. ಊಟ ಮಾಡ್ಕಂಡ್ ಹೋಗ್ರಿ.”

ಉಣ್ಣದೆ ಬಂದೆವು. ಅಜ್ಜಂಪುರ ದಾಟಿದೆವು. ಅಲ್ಲಿ ಅಣ್ಣ ಬೈಕು ನಿಲ್ಲಿಸಿದ. “ಅವ್ವ ಕಣ್ಣಿರೋ ಮರಿನೆಲ್ಲ ಕೊಟ್ಟುಬಿಟ್ಲು ಕಣೇ. ತಿರುಗೋ ಮರಿ ಅಂದ್ರೆ ಕಣ್ಣಿರೋ ಮರಿ. ಹೆದರ್ಕಂಡು ಕೂತಿದ್ದನ್ನ ಆರಿಸಿ ಆರಿಸಿ ಇಟ್ಕಂಡ್ಲು.” ಅವ್ವ ಬದುಕಿದ್ದರೆ ಜಗಳವಾಡಬಹುದಿತ್ತು, ಅವಳೆದುರು ಅತ್ತಾದರೂ ಬಿಡಬಹುದಿತ್ತು. ಸತ್ತವಳ ಜೀವಮಾನದ ಹೆಮ್ಮೆಯನ್ನು ರಸ್ತೆ ಬದಿಯಲ್ಲಿ ನಿಂತು ಹೀಗೆ ಕಿತ್ತು ಹಾಕುವುದು ಎಂಥ ಕೆಲಸ! ಆದರೂ ಬಾಯಿ ಬಿಟ್ಟು ಕೇಳಿದೆ, ಒಂದೇ ಒಂದು ಸಲ ಮರಿ ಹಾಕಿಸಿ ನಿಲ್ಲಿಸೋಣವೇ ಎಂದು. “ಯಾವ ಹೊಂಡಕ್ಕೆ ಬೀಳಿಸೋಕೆ?” ಎಂದ.

ಮುಂದಿನ ವಾರ ನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಆಯಿತು. ಅವ್ವನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಅಣ್ಣ ಅಟ್ಟದ ಮೇಲಿದ್ದ ಬೆಲ್ಲವನ್ನೆಲ್ಲ ಚೀಲಕ್ಕೆ ತುಂಬಿ, ಊರೂರು ತಿರುಗಿ, ಕೊಟ್ಟವರಿಗೆ ಹಿಂದಿರುಗಿಸಿ ಬಂದ. ಮುಖದ ಮೇಲೆ ಬಾಗಿಲು ಹಾಕಿಕೊಂಡವರೂ ಇದ್ದರು. ಸಂತಾನವನ್ನೆಲ್ಲ ತಾನೊಬ್ಬನೇ ಇಟ್ಟುಕೊಳ್ಳಲು ಹೂಡಿದ ಆಟ ಎಂದರು. ಅವನು ಯಾರಿಗೂ ಎದುರು ಮಾತಾಡಲಿಲ್ಲ, ಕಾರಣ ಮಾತ್ರ ಪ್ರತಿ ಮನೆಯಲ್ಲೂ ಹೇಳಿದ.

ಮನೆಯಲ್ಲಿ ಸಿಗದ ಒಬ್ಬರಿದ್ದರು, ಅಜ್ಜಂಪುರ ಕಡೆಯ ಯಜಮಾನರು, ಅವ್ವನನ್ನು ಅಕ್ಕ ಎನ್ನುತ್ತಿದ್ದವರು. ಮೊನ್ನೆ ಸಂಜೆ ಅವರೇ ಬಂದರು. ಅಣ್ಣ ಅವರನ್ನು ಕೂರಿಸಿ, ಬೆಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ರೊಪ್ಪದ ತಡಿಕೆಗೆ ಒರಗಿ ಕೂತಿದ್ದ ನಮ್ಮ ನಾಯಿಯನ್ನು ತುಂಬ ಹೊತ್ತು ನೋಡಿದರು.

“ಬೇಜಾರಿಲ್ಲ ಬಿಡಪ್ಪಾ” ಎಂದು ಬೆಲ್ಲವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. “ಬುಕ್ಕಾಂಬುಧೀಲಿ ಇದರ ಅಣ್ಣ ಐತಲ್ಲ. ನಮ್ ಹೆಣ್ಣಿಗೆ ಅದನ್ನೇ ಕೂಡಿಸ್ತೀವಿ, ನಿನ್ ಭಾವ ಆಗ್ಲೇ ಒಪ್ಪವ್ನೆ. ಅದೂ ಅಷ್ಟೇಯಂತೆ, ಕತ್ತಲಾದ ಮೇಲೆ ಮಂದೆ ಬಿಟ್ಟು ಕದಲಲ್ವಂತೆ.”