ಮೋಟಾರಿನ ಹಗ್ಗ

ಮಿಸ್ತ್ರಿ ಚಾಚಾ ಅವರ ಬಿಳಿ ಗಡ್ಡದ ತುದಿ ಸದಾ ಎಣ್ಣೆಯಿಂದ ಕಪ್ಪಾಗಿರುತ್ತಿತ್ತು. ಎಂಜಿನ್ನಿನ ಮೇಲೆ ಅಷ್ಟು ಬಗ್ಗಿ ಕೆಲಸ ಮಾಡುವ ಮನುಷ್ಯ. ಹೊಳೆಮಣ್ಣೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅವರ ಕಸುಬು. ಮಲಪ್ರಭೆ ಊರೊಳಗೆ ನುಗ್ಗಿದಾಗಲೆಲ್ಲ, ಊರವರೆಲ್ಲ ಕೂಡಿ ಕೊಂಡಿದ್ದ ದೋಣಿಯ ಹಳೆಯ ಮೋಟಾರೂ ಅವರದೇ ಜವಾಬ್ದಾರಿ.

ಅಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಆ ಮೋಟಾರನ್ನು ಅವರು ದೋಣಿಗೆ ಕೂಡಿಸುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ, ಎರಡೂ ತಿರುಪು ಬಿಗಿದು, ಜಗ್ಗಿ ನೋಡಿ, ಕೊನೆಗೆ ಹಗ್ಗದಿಂದ ದೋಣಿಗೆ ಕಟ್ಟುತ್ತಿದ್ದರು.

“ತಿರುಪು ಸವದಾವ್ರಿ ಮಾಸ್ತರ. ಖರೇ ಹಿಡಿಯೋದು ಹಗ್ಗಾನ,” ಎನ್ನುತ್ತಿದ್ದರು.

ನೀರು ಕಡಿಮೆಯಿದ್ದ ಹೊಲಗಳ ಮೇಲೆ ಮೋಟಾರನ್ನು ಮೇಲಕ್ಕೆ ವಾಲಿಸಿ, ಕೊಕ್ಕೆ ಹಾಕಿ, ಗಳದಿಂದ ದೋಣಿ ನೂಕುವರು. ಆಳ ಬಂದ ಮೇಲೆ ಮೆಲ್ಲಗೆ ಇಳಿಸುವರು.

ಒಂದು ಮಹಾಪೂರದಲ್ಲಿ ನಮ್ಮ ಅವ್ವನಿಗೆ ಲಕ್ವಾ ಹೊಡೆಯಿತು. ರೋಣದ ದವಾಖಾನೆಗೆ ಒಯ್ಯಲೆಂದು ಮಲಗಿದ್ದ ಹೊರಸಿನ ಸಮೇತ ದೋಣಿಗೇರಿಸಿದೆವು. ಹೊರಸು ಜಾರುತ್ತಿತ್ತು. ಇದ್ದದ್ದು ಮೋಟಾರಿಗೆ ಕಟ್ಟಿದ್ದ ಅದೊಂದೇ ಹಗ್ಗ. ಅದನ್ನು ಬಿಚ್ಚಿ ಹೊರಸು ಕಟ್ಟಿರೆಂದು ನಾನು ಹಟ ಹಿಡಿದೆ. ಚಾಚಾ ಬೇಡವೆಂದರು, ನಾನು ಕೇಳಲಿಲ್ಲ. ಅವ್ವನ ಸೊಟ್ಟಗಾದ ಬಾಯಿ ನೋಡಿ ಅವರು ಹಗ್ಗ ಬಿಚ್ಚಿದರು. ತಿರುಪುಗಳನ್ನು ಮತ್ತೊಮ್ಮೆ ಬಿಗಿದರು.

ಹೊಲ ದಾಟಿ, ಮೋಟಾರು ಇಳಿಸಿ ಸ್ವಲ್ಪ ದೂರ ಹೋಗಿದ್ದೆವು. ನೀರಿನಡಿಯ ಬೇಲಿಗಲ್ಲಿಗೆ ಅದರ ಪಂಖಾ ಬಡಿಯಿತು. ಮೋಟಾರು ಹಲಗೆಯಿಂದ ಕಿತ್ತುಬಂದು ರಾಡಿ ನೀರಿನಲ್ಲಿ ಮುಳುಗಿಹೋಯಿತು. ಸೆಳವು ನಮ್ಮನ್ನು ಜಾಲಿಗಿಡಗಳಿಗೆ ಒಯ್ದು ಸಿಕ್ಕಿಸಿತು. ದೋಣಿ ಕೊಚ್ಚಿಹೋಗದಂತೆ ಚಾಚಾ ಮುಳ್ಳಿನ ಕೊಂಬೆ ಹಿಡಿದು ಮಧ್ಯಾಹ್ನದವರೆಗೆ ನಿಂತರು. ಬೇರೆ ದೋಣಿ ಬಂದಾಗ ಅವ್ವ ತಣ್ಣಗಾಗಿದ್ದಳು.

ನೀರಿಳಿದ ಮೇಲೆ ಊರ ಹಿರಿಯರು ಚಾಚಾ ಅವರನ್ನು ಕರೆಸಿ, ಮೋಟಾರಿಗೆ ಹಗ್ಗ ಯಾಕಿರಲಿಲ್ಲ ಎಂದು ಕೇಳಿದರು.

“ಕಟ್ಟೂದು ಮರತೆನ್ರಿ. ತಪ್ಪು ನಂದ,” ಎಂದರು ಚಾಚಾ.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ಪಂಪ್‌ಸೆಟ್ ರಿಪೇರಿಗೂ ಯಾರೂ ಅವರನ್ನು ಕರೆಯಲಿಲ್ಲ. ಅವರು ಗಜೇಂದ್ರಗಡದ ಮಗಳ ಮನೆ ಸೇರಿದರು. ಒಮ್ಮೆ ಅಲ್ಲಿಗೆ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ತಾಯಿ ಕಳಕೊಂಡಿದ್ರಿ. ಅದರ ಮ್ಯಾಲ ಇದೊಂದು ಯಾಕ ಬೇಕಿತ್ರಿ ನಿಮಗ?” ಅಂದರು.

ಊರಲ್ಲಿ ನಿಜ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ವರ್ಷಗಳಾದವು, ಹೇಳಲಿಲ್ಲ.

ಹೋದ ತಿಂಗಳು ಚಾಚಾ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಬಸ್ಸಿಳಿಯುತ್ತಲೇ ಊರಿನವರೊಬ್ಬರು, “ನಿಮ್ಮವ್ವನ್ನ ನೀರಾಗ ಸಾಯಾಕ ಬಿಟ್ಟಾಂವ ಹೋದನಂತಲ್ರಿ?” ಎಂದು ಕೇಳಿದರು.

“ಹೌದ್ರಿ,” ಅಂದೆ.