ಅಡಿಗಲ್ಲು ಕೊರೆದ ಅತ್ತೆ

ನಮ್ಮತ್ತೆಯ ಅಕ್ಷರ ಊರಿನ ತುಂಬಾ ಇದೆ. ಸೇತುವೆಯ ಬುಡದಲ್ಲಿ, ಮಾರುಕಟ್ಟೆಯ ಕಂಬದಲ್ಲಿ, ಇನ್ನೂ ಕಟ್ಟದ ಗ್ರಂಥಾಲಯದ ಮುಳ್ಳುಗಿಡಗಳ ನಡುವೆ. ‘ಇಂಥವರ ಅಮೃತ ಹಸ್ತದಿಂದ’ ಎಂದು ಕೊರೆದು ಕೊರೆದು ಅವಳ ಹೆಬ್ಬೆರಳು ಸೊಟ್ಟಗಾಗಿದೆ. ಆ ಅಮೃತ ಹಸ್ತಗಳು ಆಮೇಲೆ ಯಾವ ಯಾವ ಜೇಬಿನೊಳಗೆ ಇಳಿದವು ಅನ್ನುವುದು ಊರಿಗೆಲ್ಲ ಗೊತ್ತು.

ಅತ್ತೆ ಅಂದರೆ ಅಪ್ಪನ ತಂಗಿ. ಊರವರಿಗೆ ಉಳಿಯಮ್ಮ. ಕಲ್ಲಿನಲ್ಲಿ ಅಕ್ಷರ ಕೊರೆಯುವುದು ಮೊದಲು ಮಾವನ ಕಸುಬಾಗಿತ್ತು. ಒಮ್ಮೆ ಒಂದು ಒತ್ತು ತಪ್ಪಿತೆಂದು ಮಾವ ಇಡೀ ಕಲ್ಲನ್ನೇ ಆಚೆಗೆ ನೂಕಿ, ಊಟ ಬಿಟ್ಟು, ಹೊಸದನ್ನು ಕೊರೆದಿದ್ದ. ‘ಕಾಗದದ ತಪ್ಪು ಹರಿದು ಹಾಕಬಹುದು, ಕಲ್ಲಿನ ತಪ್ಪನ್ನ ಮೊಮ್ಮಕ್ಕಳೂ ಓದ್ತಾರೆ’ ಅನ್ನುತ್ತಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತು ನಲವತ್ತಕ್ಕೇ ಹೋದ. ಅವನು ಅರ್ಧ ಕೊರೆದಿಟ್ಟಿದ್ದ ಕಲ್ಲನ್ನು ಅತ್ತೆ ಕಣ್ಣೊರೆಸಿಕೊಂಡು ಕೂತು ಮುಗಿಸಿದಳು. ಅಂದು ಹಿಡಿದ ಉಳಿಯನ್ನು ಮೂವತ್ತೊಂದು ವರ್ಷ ಬಿಡಲಿಲ್ಲ.

ಲೋಕೋಪಯೋಗಿ ಇಲಾಖೆಯ ಗೋದಾಮಿನ ಹಿಂದೆ ಅವಳದೊಂದು ತಗಡಿನ ಮಾಡು. ಮುಂದಿನ ಅರ್ಧದಲ್ಲಿ ಕಲ್ಲು, ಹಿಂದಿನ ಅರ್ಧದಲ್ಲಿ ಒಲೆ, ಹಾಸಿಗೆ. ಜಾಗ ಇಲಾಖೆಯದು, ಕಾಗದ ಪತ್ರ ಏನೂ ಇಲ್ಲ. ಕೆಲಸ ಮಾಡುವಷ್ಟು ದಿನ ಇರು ಎಂದು ಯಾವನೋ ಎಂಜಿನಿಯರು ಬಾಯಿಮಾತಿನಲ್ಲಿ ಹೇಳಿದ್ದ, ಅಷ್ಟೆ.

ಅಡಿಗಲ್ಲಿನ ಕಸುಬಿನಲ್ಲಿ ಒಂದು ಗುಟ್ಟಿದೆ. ಹೊಸ ನಾಯಕ ಬಂದಾಗ ಹೊಸ ಕಲ್ಲು ತರುವುದಿಲ್ಲ. ಹಳೆಯದನ್ನೇ ಕಿತ್ತು ತಂದು ತಿರುಗಿಸಿ, ಬೆನ್ನಿನ ಕಡೆ ಕೊರೆಯುತ್ತಾರೆ. ಮೂರನೆಯವನು ಬಂದರೆ ಮೊದಲನೆಯವನ ಹೆಸರನ್ನು ನೀರು ಹಾಕಿ ಉಜ್ಜಿ ಬೋಳು ಮಾಡುತ್ತಾರೆ. ನಮ್ಮೂರ ಹೆರಿಗೆ ಆಸ್ಪತ್ರೆಯ ಅಡಿಗಲ್ಲು ಹೀಗೆ ನಾಲ್ಕು ಹೆಸರು ಹೊತ್ತು, ಸವೆದು, ಕೊನೆಗೆ ಒಡೆದೇ ಹೋಯಿತು. ಆಸ್ಪತ್ರೆ ಮಾತ್ರ ಹುಟ್ಟಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆ ಜಾಗದಲ್ಲಿ ಈಗ ಹಂದಿಗಳು ಸುಖವಾಗಿ ಹೆರುತ್ತಿವೆ.

ಅದೇ ಆಸ್ಪತ್ರೆಯ ಐದನೆಯ ಸಲದ ಅಡಿಗಲ್ಲಿಗೆ ಹೊಸ ನಾಯಕ ಸಾಹೇಬರ ಆಪ್ತ ಸಹಾಯಕನೇ ಬಂದ. ಎರಡು ಫೋನು, ಮೂಗಿಗೆ ಕರ್ಚೀಫು. ಹಳೇ ಕೆರೆಯ ಏರಿ ಒಡೆದು ರಸ್ತೆ ಮಾಡುವಾಗ ಸಿಕ್ಕ ಚಪ್ಪಡಿಯೊಂದನ್ನು ಲಾರಿಯಿಂದ ಇಳಿಸಿದರು.

“ಈ ಕಡೆ ಯಾರೋ ಏನೇನೋ ಗೀಚಿದಾರೆ. ಅದನ್ನ ಉಜ್ಜಿ ತೆಗೆದು ಅಲ್ಲೇ ಸಾಹೇಬ್ರ ಹೆಸರು ದಪ್ಪಕ್ಕೆ ಕೊರಿ. ಗುರುವಾರಕ್ಕೆ ಬೇಕು.”

“ಹಿಂದ್ಗಡೆ ಬೋಳಾಗೇ ಇದೆಯಲ್ಲ ಸ್ವಾಮಿ. ಅಲ್ಲೇ ಕೊರೆದ್ರೆ ಆಗಲ್ವಾ?”

“ಹೇಳಿದಷ್ಟು ಮಾಡಮ್ಮ. ಈ ತಗಡು ಕೀಳಿಸೋಕೆ ನನಗೆ ಒಂದು ಫೋನು ಸಾಕು.” ಕಲ್ಲಿನ ಬುಡಕ್ಕೇ ಕ್ಯಾಕರಿಸಿ ಉಗಿದು ಕಾರು ಹತ್ತಿದ.

ಭಾನುವಾರ ನಾನು ಅತ್ತೆಯನ್ನು ನೋಡಲು ಹೋದಾಗ ಅವಳು ಉಜ್ಜುವುದಕ್ಕೆಂದು ಕಲ್ಲಿಗೆ ನೀರು ಸುರಿದಿದ್ದಳು. ಒದ್ದೆಯಲ್ಲಿ ಅಕ್ಷರಗಳು ಎದ್ದು ಕಂಡವು. ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಹಿಂದೊಮ್ಮೆ ತರಬೇತಿಯಲ್ಲಿ ಎರಡು ವಾರ ಹಳೆಯ ಲಿಪಿ ಕಲಿಸಿದ್ದರು.

“ಅತ್ತೆ, ಕೈ ತೆಗಿ!” ಎಂದು ಕೂಗಿ ಅಲ್ಲೇ ಮಂಡಿಯೂರಿದೆ.

ಮಧ್ಯಾಹ್ನವೆಲ್ಲ ಒಂದೊಂದೇ ಅಕ್ಷರ ಕೂಡಿಸಿದೆ. ಅರಸನ ಹೊಗಳಿಕೆ ಇರುತ್ತದೆ ಅಂದುಕೊಂಡಿದ್ದೆ. ಅರಸನ ಹೆಸರೇ ಇರಲಿಲ್ಲ. ‘ಈ ಕೆರೆಯನ್ನು ತೋಡಿದವರು ನಾವು’ ಎಂದು ಶುರು. ಆಮೇಲೆ ಹತ್ತೊಂಬತ್ತು ಮಂದಿ. ಹಾರೆಯ ಕುಂಟ, ಅವನ ಹೆಂಡತಿ. ಬುಟ್ಟಿ ಹೆಣೆದ ಮುದುಕಿ. ಮೂಗ, ಮೂಗನ ಇಬ್ಬರು ಹೆಣ್ಣುಮಕ್ಕಳು. ಮಣ್ಣು ಕುಸಿದು ಸತ್ತ ಮೆಳ್ಳಗಣ್ಣ. ಕೊನೆಯಲ್ಲಿ, ಹಳೆಯ ಶಾಸನಗಳಲ್ಲಿ ಇರುವಂತೆ, ಒಂದು ಶಾಪ: ‘ಇದನ್ನು ಅಳಿಸಿದವನು ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ.’

ನನಗೆ ನನ್ನ ಮೇಲೇ ಅಸಹ್ಯವಾಯಿತು. ಇಪ್ಪತ್ತು ವರ್ಷದಿಂದ, ಯಾವ ಅರಸನ ಬಗ್ಗೆ ಕೇಳಿದರೂ ಮಕ್ಕಳು ‘ಕೆರೆ ಕಟ್ಟಿಸಿದನು, ಮರ ನೆಡಿಸಿದನು’ ಎಂದು ಬರೆಯುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತೇನೆ. ಬುಟ್ಟಿ ಹೊತ್ತವರು ಯಾರು ಎಂದು ಒಂದು ಸಲವಾದರೂ ಕೇಳಿದೆನೇ?

ಅತ್ತೆ ನೀರಿನ ಚೆಂಬನ್ನು ಕೆಳಗಿಟ್ಟಳು.

“ಇಂಥ ಗೀಚಿದ ಕಲ್ಲು ಮುಂಚೆ ಆರೇಳು ಬಂದಿದ್ವು ಕಣೋ. ಬಚ್ಚಲ ಪಾಚಿ ತಿಕ್ಕೋ ಹಾಗೆ ತಿಕ್ಕಿ ಹಾಕ್ದೆ. ಹಾಗಾದ್ರೆ ನಾನು ಏಳು ಜನ್ಮಕ್ಕೆ ಹುಳ ಅಂತಾಯ್ತು.” ನಗಲು ನೋಡಿದಳು, ನಗು ಬರಲಿಲ್ಲ.

“ಹಿಂದ್ಗಡೆ ಆ ಸಾಹೇಬನ ಹೆಸರು ಕೊರೆದು ಕೊಟ್ಟುಬಿಡು. ಮುಂದಿನದು ಉಳಿಯುತ್ತೆ,” ಅಂದೆ.

“ಮೇಷ್ಟ್ರಾಗಿ ಇಷ್ಟೂ ಗೊತ್ತಾಗಲ್ವಾ? ಇನ್ನೊಬ್ಬ ಬರ್ತಾನೆ, ಕಲ್ಲು ತಿರುಗಿಸ್ತಾರೆ, ಆಗ ಇದನ್ನ ಉಜ್ಜುತ್ತಾರೆ. ನೀನು ಓದಿದ್ದನ್ನ ಇವತ್ತಿನ ಅಕ್ಷರದಲ್ಲಿ ಬರ್ಕೊಡು. ಹಿಂದ್ಗಡೆ ಅದನ್ನೇ ಕೊರೀತೀನಿ. ಗುರುವಾರ ಕಲ್ಲಿಗೆ ಮುಚ್ಚಿದ ಸೀರೆ ಸರಿಸಿದಾಗ ಊರೆಲ್ಲ ಓದಲಿ. ಓದಿದ ಮೇಲೆ ಯಾವನು ಮುಟ್ಟುತ್ತಾನೆ ನೋಡೋಣ.”

“ಮನೆ ಹೋಗುತ್ತೆ ಅತ್ತೆ.”

“ಹೋಗ್ಲಿ. ಹುಳ ಆಗೋದಕ್ಕಿಂತ ಬೀದಿ ವಾಸಿ.”

ಬರೆದುಕೊಟ್ಟೆ. ಅವಳು ಸುಣ್ಣದ ದಾರ ಹಿಡಿದು ಗೆರೆ ಹೊಡೆದಳು, ಕೆಮ್ಮಣ್ಣಿನಲ್ಲಿ ಅಕ್ಷರ ಬರೆದಳು. ಮೂರು ಹಗಲು ಕೊರೆದು ಚಿನ್ನದ ಬಣ್ಣ ತುಂಬಿದಳು. ಬುಧವಾರ ಸಂಜೆ ಕಲ್ಲಿಗೆ ತನ್ನದೇ ಹಳೆಯ ಸೀರೆ ಸುತ್ತಿ ಲಾರಿಗೆ ಏರಿಸಿದಳು. ಹೊಸ ಮೈ ಜನರ ಕಡೆಗಿರಲಿ, ಹಿಂದಿನ ಮೈಗೆ ಸಿಮೆಂಟು ತಾಗಬಾರದು ಎಂದು ಗಾರೆಯವನಿಗೆ ಹತ್ತು ಸಲ ಹೇಳಿದಳು. ಗುರುವಾರ ಉಳಿ, ಸುತ್ತಿಗೆ, ಎರಡು ಸೀರೆ ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡೇ ಸಮಾರಂಭಕ್ಕೆ ಬಂದಳು. ವಾಪಸ್ ಹೋಗುವಷ್ಟರಲ್ಲಿ ತಗಡು ಇರುವುದಿಲ್ಲ ಎಂದು ನಮಗಿಬ್ಬರಿಗೂ ಖಾತ್ರಿಯಿತ್ತು.

ಸಾಹೇಬರು ಮೂರು ಗಂಟೆ ತಡವಾಗಿ ಬಂದರು. ಹಂದಿಗಳನ್ನು ಅಟ್ಟಿದ್ದರು, ಆದರೆ ಅವುಗಳ ವಾಸನೆ ಅಲ್ಲೇ ಇತ್ತು. ಅದರ ಮೇಲೆ ಅತ್ತರು ಚಿಮುಕಿಸಿದ್ದರು. ಸಾಹೇಬರು ದಾರ ಎಳೆದರು. ಸೀರೆ ಜಾರಿತು. ಚಿನ್ನದ ಅಕ್ಷರ ಬಿಸಿಲಿಗೆ ಝಗ್ಗೆಂದಿತು. ಅತ್ತೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ಚಪ್ಪಾಳೆಯೋ ಚಪ್ಪಾಳೆ.

ಸಾಹೇಬರು ಕ್ಯಾಮೆರಾ ನೋಡಿದರು. ಆಪ್ತ ಸಹಾಯಕ ಸಾಹೇಬರನ್ನು ನೋಡಿದ. ಹಿಂಬಾಲಕರು ಯಾರು ಎಷ್ಟು ಹತ್ತಿರ ನಿಂತಿದ್ದಾರೆಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ತಂದು ಕಲ್ಲಿಗೆ ಹಾರ ಹಾಕಿದ, ಕುಂಟನೂ ಮುದುಕಿಯೂ ಹೂವಿನಡಿ ಮುಚ್ಚಿಹೋದರು. ಸಾಹೇಬರು ಕಲ್ಲಿನ ತಲೆಯ ಮೇಲೆ ಮೊಣಕೈ ಊರಿ, ಇತಿಹಾಸ ಓದದ ಜನಕ್ಕೆ ಉದ್ಧಾರವಿಲ್ಲ ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಮರುದಿನದ ಪತ್ರಿಕೆಯಲ್ಲಿ ಅವರ ನಗುಮುಖ. ಪಕ್ಕದಲ್ಲೇ ‘ಹುಳುವಾಗಿ ಹುಟ್ಟಲಿ’ ಅನ್ನುವುದು ಕನ್ನಡಕವಿಲ್ಲದೆಯೂ ಓದುವಷ್ಟು ಸ್ಪಷ್ಟವಾಗಿತ್ತು.

ಯಾರೂ ಬರಲಿಲ್ಲ. ಒಂದು ವಾರ ಕಾದೆವು, ಒಂದು ತಿಂಗಳು ಕಾದೆವು. ತಗಡು ಹಾಗೇ ಇತ್ತು. ನನಗೆ ಹಿಗ್ಗು.

“ಗೆದ್ದೆವಲ್ಲ ಅತ್ತೆ! ಎರಡೂ ಮೈ ತುಂಬಿದೆ, ಮನೆಯೂ ಉಳೀತು!”

ಅವಳು ಹೊಸ್ತಿಲ ಮೇಲೆ ಕೂತು ತನ್ನ ಸೊಟ್ಟ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು.

“ಒಂದು ಒತ್ತು ತಪ್ಪಿದ್ರೆ ಊರು ಓದಿ ನಗುತ್ತೆ ಅಂತ ಮೂವತ್ತೊಂದು ವರ್ಷ ಉಸಿರು ಬಿಗಿಹಿಡಿದು ಕೊರ್ದೆ. ನಿಮ್ಮ ಮಾವ ಆ ಹೆದರಿಕೆಗೇ ಊಟ ಬಿಟ್ಟು ಧೂಳು ಕುಡಿದು ಸತ್ತ. ಒಬ್ಬರೂ ಓದ್ತಾನೇ ಇರಲಿಲ್ವಲ್ಲೋ! ಥೂ!”

ಅಂಗಳಕ್ಕೆ ಉಗಿದಳು. ಇಲಾಖೆಯಿಂದ ಯಾರಾದರೂ ಕೆಲಸ ಹೇಳಲು ಬಂದರೆ ಕೈನೋವು ಅನ್ನುತ್ತಾಳೆ. ಅಂದು ಹೆಗಲಿಗೆ ಹಾಕಿಕೊಂಡಿದ್ದ ಚೀಲದಿಂದ ಸೀರೆಗಳನ್ನು ತೆಗೆದಿದ್ದಾಳೆ. ಉಳಿಗಳು ಅದರೊಳಗೇ ಇವೆ.